ಶೆಡ್ ಉಳಿಯಿತು, ಕುಶಲಿಗರು ಹೊರಟರು

ಒಂದು ಮನೆತನ ಕಷ್ಟಕ್ಕೆ ಸಿಕ್ಕಾಗ ಮೊದಲು ಏನನ್ನು ಮಾರುತ್ತದೆ ಎಂಬುದರಿಂದ ಆ ಮನೆಯವರಿಗೆ ಯಾವುದು ಮುಖ್ಯ ಎಂದು ತಿಳಿಯುತ್ತದೆ. ಕಂಪನಿಗಳ ಕಥೆಯೂ ಹೀಗೆಯೇ. ಜಾಹೀರಾತು ಹೇಳದ ಸತ್ಯವನ್ನು ಕೆಲಸದಿಂದ ತೆಗೆದವರ ಪಟ್ಟಿ ಹೇಳುತ್ತದೆ. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್, ಅಂದರೆ ಎಚ್‌ಪಿ ಕಂಪನಿಯ ಚರಿತ್ರೆಯಲ್ಲಿ ಇದನ್ನು ನಾವು ಸ್ಪಷ್ಟವಾಗಿ ಕಾಣಬಹುದು.

ಬಿಲ್ ಹ್ಯೂಲೆಟ್ ಮತ್ತು ಡೇವ್ ಪ್ಯಾಕರ್ಡ್ ಎಂಬ ಇಬ್ಬರು ಇಂಜಿನಿಯರ್ ಗೆಳೆಯರು 1939ರಲ್ಲಿ 538 ಡಾಲರ್ ಬಂಡವಾಳದೊಂದಿಗೆ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಊರಿನ ಬಾಡಿಗೆ ಮನೆಯೊಂದರ ಕಾರ್ ಶೆಡ್ಡಿನಲ್ಲಿ ಈ ಕಂಪನಿಯನ್ನು ಆರಂಭಿಸಿದರು. 1970ರ ಆರ್ಥಿಕ ಹಿಂಜರಿತದಲ್ಲಿ ಬೇಡಿಕೆ ಕುಸಿಯಿತು. ನೂರಕ್ಕೆ ಹತ್ತು ಜನರನ್ನು ಮನೆಗೆ ಕಳುಹಿಸುವುದು ಸುಲಭದ ದಾರಿಯಾಗಿತ್ತು. ಹ್ಯೂಲೆಟ್ ಬೇರೆ ದಾರಿ ಹಿಡಿದರು. ಎರಡು ವಾರಗಳಲ್ಲಿ ಹತ್ತು ದಿನದ ಬದಲು ಒಂಬತ್ತು ದಿನ ಕೆಲಸ, ಸಂಬಳದಲ್ಲಿ ಶೇ. 10 ಕಡಿತ. ಮೇಲಧಿಕಾರಿಗಳಿಗೂ ಇದೇ ನಿಯಮ. ಸುಮಾರು ಆರು ತಿಂಗಳಲ್ಲಿ ಬೇಡಿಕೆ ಚೇತರಿಸಿತು. ಎಲ್ಲರೂ ಪೂರ್ಣ ಕೆಲಸಕ್ಕೆ ಮರಳಿದರು. 1972ರಲ್ಲಿ ಇದೇ ಕಂಪನಿ ಅಂಗಿಯ ಜೇಬಿನಲ್ಲಿ ಹಿಡಿಸುವ ವೈಜ್ಞಾನಿಕ ಕ್ಯಾಲ್ಕ್ಯುಲೇಟರನ್ನು ಹೊರತಂದಿತು. ಇಂಜಿನಿಯರುಗಳ ಕೈಯಲ್ಲಿದ್ದ ಸ್ಲೈಡ್ ರೂಲ್ ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿತು.

ಮೂರು ದಶಕಗಳ ನಂತರ ಕಷ್ಟಕಾಲ ಮತ್ತೆ ಬಂತು. 2001ರಲ್ಲಿ ಮುಖ್ಯಸ್ಥೆ ಕಾರ್ಲಿ ಫಿಯೊರಿನಾ ಸಂಬಳ ಕಡಿತವನ್ನು ಸ್ವಇಚ್ಛೆಯಿಂದ ಒಪ್ಪಿಕೊಳ್ಳುವಂತೆ ನೌಕರರನ್ನು ಕೇಳಿದರು. 80 ಸಾವಿರಕ್ಕೂ ಹೆಚ್ಚು ಮಂದಿ ಒಪ್ಪಿದರು. ಹಳೆಯ ನಂಬಿಕೆ ಇನ್ನೂ ಉಳಿದಿತ್ತು. ಕೆಲವೇ ವಾರಗಳಲ್ಲಿ 6,000 ಜನರನ್ನು ತೆಗೆಯುವ ಘೋಷಣೆ ಹೊರಬಿತ್ತು.

2005ರಲ್ಲಿ ಹೊಸ ಮುಖ್ಯಸ್ಥ ಮಾರ್ಕ್ ಹರ್ಡ್ 14,500 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿದರು. ಆಗಲೇ ಆಲನ್ ಕೇ ಅವರ ಸಾಫ್ಟ್‌ವೇರ್ ಸಂಶೋಧನಾ ತಂಡವನ್ನೂ ಕಂಪನಿ ವಿಸರ್ಜಿಸಿತು. ಕೇ ಸಾಮಾನ್ಯರಲ್ಲ. ಪುಸ್ತಕದಂತೆ ಕೈಯಲ್ಲಿ ಹಿಡಿಯಬಹುದಾದ, ಮಕ್ಕಳು ಬಳಸಬಲ್ಲ ಕಂಪ್ಯೂಟರನ್ನು 1970ರ ದಶಕದ ಆರಂಭದಲ್ಲೇ ಕಲ್ಪಿಸಿದ್ದವರು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2003ರ ಸಾಲಿನಲ್ಲಿ ಪಡೆದವರು. 1999ರಿಂದ ಕಂಪನಿಯ ಲಾಂಛನದ ಕೆಳಗೆ 'ಇನ್ವೆಂಟ್', ಅಂದರೆ ಆವಿಷ್ಕರಿಸು ಎಂಬ ಪದವಿತ್ತು. ಆವಿಷ್ಕರಿಸುವವರಿಗೇ ಜಾಗವಿರಲಿಲ್ಲ!

ಕಂಪನಿ ಧರ್ಮಛತ್ರವಲ್ಲ, ನಷ್ಟ ಬಂದರೆ ಖರ್ಚು ಇಳಿಸಲೇಬೇಕು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ 1970ರಲ್ಲೂ ಖರ್ಚು ಇಳಿಸಲಾಗಿತ್ತು. ವ್ಯತ್ಯಾಸವಿರುವುದು ಲೆಕ್ಕದ ಪುಸ್ತಕದಲ್ಲಿ ಮನುಷ್ಯನನ್ನು ಯಾವ ಕಡೆ ಬರೆದುಕೊಳ್ಳುತ್ತೇವೆ ಎಂಬುದರಲ್ಲಿ. ಅಂದು ಕುಶಲಿಗರು ಬಂಡವಾಳವಾಗಿದ್ದರು, ನಂತರ ಬರೀ ಖರ್ಚಾದರು. ಖರ್ಚು ಉಳಿಸಿದ ಲಾಭ ಆ ವರ್ಷದ ಲೆಕ್ಕದಲ್ಲೇ ಕಾಣುತ್ತದೆ. ಹುಟ್ಟದೇ ಹೋದ ಆವಿಷ್ಕಾರದ ನಷ್ಟ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. 2011ರಲ್ಲಿ, ಬೇರೊಬ್ಬ ಮುಖ್ಯಸ್ಥರ ಕಾಲದಲ್ಲಿ, ಇದೇ ಕಂಪನಿ ಸುಮಾರು 1,100 ಕೋಟಿ ಡಾಲರ್ ಕೊಟ್ಟು ಅಟಾನಮಿ ಎಂಬ ಬ್ರಿಟಿಷ್ ಸಾಫ್ಟ್‌ವೇರ್ ಕಂಪನಿಯನ್ನು ಕೊಂಡಿತು. ಮರುವರ್ಷವೇ 880 ಕೋಟಿ ಡಾಲರ್ ನಷ್ಟವೆಂದು ಬರೆದುಕೊಂಡಿತು.

ಇನ್ನೊಂದು ಸಂಗತಿ. ಸಂಸ್ಥಾಪಕರ ಆ ಹಳೆಯ ಶೆಡ್ಡನ್ನು ಕಂಪನಿ 2000ದಲ್ಲಿ ಕೊಂಡು, 2005ರಲ್ಲಿ ಜೋಪಾನವಾಗಿ ದುರಸ್ತಿ ಮಾಡಿಸಿತು. ಕೇ ಅವರ ತಂಡ ಹೊರಟದ್ದೂ ಅದೇ ವರ್ಷ. ಮರದ ಗೋಡೆಗಳಿಗೆ ಸಿಕ್ಕ ಆರೈಕೆ ಮನುಷ್ಯರಿಗೆ ಸಿಗಲಿಲ್ಲ. ಅಂಥ ಶೆಡ್ಡಿನಲ್ಲಿ ಕೂತು ಕೆಲಸ ಮಾಡುವವರೇ ಇಲ್ಲದಿದ್ದರೆ ಶೆಡ್ಡನ್ನು ಉಳಿಸಿಕೊಂಡು ಮಾಡುವುದೇನು?