ಕುದುರೆಗಳು ಇಳಿದ ದ್ವೀಪ

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುಸುಲ್ತಾನನ ಕಾಲದಿಂದ ನಡೆದುಬಂದುದೆಂದು ಪ್ರಸಿದ್ಧವಾಗಿದೆ. ದಂಡಿಗೆ ಬೇಕಾದ ಕುದುರೆಗಳನ್ನು ಒಳನಾಡಿನಲ್ಲಿಯೇ ಬೆಳೆಸಬೇಕೆಂಬುದು ಅದರ ಉದ್ದೇಶ. ಆ ಉದ್ದೇಶದ ಬೆಲೆಯನ್ನು ತಿಳಿಯಬಯಸುವವರು ಒಮ್ಮೆ ಪಡುವಣ ಕಡಲಿನ ಗೋವೆಗೆ ಹೋಗಿಬರತಕ್ಕದ್ದು.

ಹಳೆಯ ಗೋವೆಯಿರುವ ತಿಸವಾಡಿಯು ದ್ವೀಪವೆಂಬುದು ಸೇತುವೆಯ ಮೇಲೆ ಬರುವವರಿಗೆ ತೋರುವುದಿಲ್ಲ. ಅದರ ಬಡಗಲಿಗೆ ಮಾಂಡವಿ, ತೆಂಕಲಿಗೆ ಜುವಾರಿ, ಮೂಡಲಿಗೆ ಇವೆರಡನ್ನೂ ಕೂಡಿಸುವ ಕುಂಬಾರಜುವೆಯ ಕಾಲುವೆ. ಆದುದರಿಂದ ಎದುರಿನ ದಿವಾಡಿ ದ್ವೀಪದಿಂದ ಕಡವಿನ ದೋಣಿಯಲ್ಲಿ ಬರುವುದೇ ಲೇಸು. ಕನ್ನಡ ಶಾಸನಗಳನ್ನು ಬರೆಯಿಸಿದ ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ಗುಡಿಯು ಈ ದಿವಾಡಿಯಲ್ಲಿದ್ದಿತು. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾಗಲು ದೇವರು ಹೊಳೆದಾಟಿ ನಾರ್ವೆಯನ್ನು ಸೇರಿತು. ಅಲ್ಲಿಯ ಗುಡಿಯನ್ನು ೧೬೬೮ರಲ್ಲಿ ಶಿವಾಜಿಯು ಜೀರ್ಣೋದ್ಧಾರ ಮಾಡಿಸಿದನು. ದೋಣಿಯಿಳಿದು ಕೊಂಚ ನಡೆದರೆ ವೈಸರಾಯರ ಕಮಾನು. ಹೊಸ ವೈಸರಾಯರು ಪುರಪ್ರವೇಶ ಮಾಡುತ್ತಿದ್ದುದು ಇದರ ಮೂಲಕವೇ. ಈಗ ಕಾಣುವುದು ೧೯೫೪ರಲ್ಲಿ ಪುನಃ ಕಟ್ಟಿದ್ದು.

ಆದರೆ ಈ ರೇವಿನ ಸಿರಿಗೆ ವೈಸರಾಯರಿಗಿಂತ ಕುದುರೆಗಳೇ ಹೆಚ್ಚು ಕಾರಣ. ಅರಬಸ್ಥಾನದಿಂದಲೂ ಹೊರ್ಮುಜಿನಿಂದಲೂ ಬಂದ ಕುದುರೆಗಳು ಇಲ್ಲಿ ಇಳಿದು, ಸುಂಕ ತೆತ್ತು, ಘಟ್ಟ ಹತ್ತುತ್ತಿದ್ದುವು. ರೇವು ಯಾರ ಕೈಯಲ್ಲೋ ರಾವುತರ ಬಲವೂ ಅವರ ಕೈಯಲ್ಲಿ. ೧೪೭೨ರಲ್ಲಿ ಬಹಮನಿಯ ಮಂತ್ರಿ ಮಹಮೂದ ಗವಾನನು ಗೋವೆಯನ್ನು ಕಿತ್ತುಕೊಂಡಾಗ ವಿಜಯನಗರಕ್ಕೆ ಬಿದ್ದ ಪೆಟ್ಟು ಇಂತಹುದು. ಆಮೇಲೆ ಸಾಳುವ ನರಸಿಂಹನು ಕುದುರೆಗಳನ್ನು ಸತ್ತುದು ಬದುಕಿದುದೆನ್ನದೆ ಕೊಂಡನೆಂದೂ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಕೊಟ್ಟನೆಂದೂ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜನು ಬರೆದಿದ್ದಾನೆ. ಬಾಲಕ್ಕೆ ಹೊನ್ನು ತೆರುವ ಅರಸನನ್ನು ದುಂದುಗಾರನೆಂದು ನಗಬಹುದು. ಆದರೆ ವ್ಯಾಪಾರಿಯು ಮುಂದಿನ ವರ್ಷವೂ ಹಡಗು ತುಂಬಿ ಬರಬೇಕಾದರೆ ಬೇರೆ ಉಪಾಯವೇನಿದ್ದಿತು? ಮುನ್ನೂರು ವರ್ಷಗಳ ಮೇಲೆ ಮೈಸೂರು ಸೀಮೆಯ ಹುಲ್ಲುಗಾವಲಿನಲ್ಲಿ ಮರಿಹಾಕಿಸಿ ನೋಡಿದುದು ಇದೇ ತೊಡಕಿನ ಪರಿಹಾರಕ್ಕೆ.

ಹೊನ್ನಾವರದ ತಿಮ್ಮೋಜನ ಸಲಹೆ ಸಹಾಯಗಳಿಂದ ಆಲ್ಬುಕರ್ಕನು ೧೫೧೦ರಲ್ಲಿ ಗೋವೆಯನ್ನು ಗೆದ್ದ ಮೇಲೆ ಕುದುರೆಯು ರಾಜತಂತ್ರದ ಕಾಯಿಯೇ ಆಯಿತು. ಗೋವೆಗೆ ಬಂದ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಸಲ್ಲಬೇಕೆಂದು ೧೫೪೭ರಲ್ಲಿ ಒಪ್ಪಂದವಾಯಿತು. ೧೫೬೫ರಲ್ಲಿ ವಿಜಯನಗರವು ಬೀಳಲು, ಕೊಳ್ಳುವ ಆ ದೊಡ್ಡ ಕೈಯೇ ಇಲ್ಲದೆ ಈ ವ್ಯಾಪಾರವು ಸೊರಗಿತು. ಮುಂದೆ ಜ್ವರಗಳ ಹಾವಳಿಯಿಂದ ಜನರು ಊರು ಬಿಟ್ಟರು. ೧೮೪೩ರಲ್ಲಿ ರಾಜಧಾನಿಯೆಂಬ ಹೆಸರೂ ಪಣಜಿಗೆ ಹೋಯಿತು.