ಆಲಿಕಲ್ಲು ಮಳೆ ಮತ್ತು ಹಿತ್ತಲ ತೋಟ

ಗುಡುಗುಮೋಡದೊಳಗಿನ ಬಲವಾದ ಮೇಲ್ಮುಖ ಗಾಳಿ ನೀರಹನಿಗಳನ್ನು ಕೊರೆಯುವ ಚಳಿಯ ಎತ್ತರಕ್ಕೆ ಒಯ್ದಾಗ ಅವು ಹೆಪ್ಪುಗಟ್ಟಿ, ಹಿಮದ ಪದರ ಕಟ್ಟಿಕೊಂಡು, 5 ಮಿಲಿಮೀಟರ್‌ ಅಥವಾ ಹೆಚ್ಚು ವ್ಯಾಸದ ಆಲಿಕಲ್ಲುಗಳಾಗಿ ಬೀಳುತ್ತವೆ. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಮಾರ್ಚ್‌ನಿಂದ ಮೇವರೆಗೆ, ಮಧ್ಯಾಹ್ನದ ನಂತರ. ಮಾವು ಕಾಯಿಕಟ್ಟಿರುವ ಹೊತ್ತಿಗೇ ಬರುವುದು ದುರದೃಷ್ಟ. ಬಾಳೆ, ಪಪಾಯಿಯ ಅಗಲ ಎಲೆಗಳು ಸೀಳುತ್ತವೆ, ಟೊಮೆಟೊ ಕುಡಿ ಮುರಿಯುತ್ತದೆ, ಸೊಪ್ಪಿನ ಮಡಿ ನೆಲಕಚ್ಚುತ್ತದೆ.

ಕಣ್ಣಿಗೆ ಕಾಣುವ ಈ ಹಾನಿಗಿಂತ ಅಪಾಯಕಾರಿಯಾದದ್ದು ತೊಗಟೆ, ಕಾಯಿಗಳ ಮೇಲಿನ ಸಣ್ಣ ಗಾಯ: ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಅದೇ ಬಾಗಿಲು. ಮುರಿದ ರೆಂಬೆಗಳನ್ನು ಸವರಿ, ಶೇ. 1ರ ಬೋರ್ಡೊ (ಮೈಲುತುತ್ತ-ಸುಣ್ಣದ) ದ್ರಾವಣ ಸಿಂಪಡಿಸುವುದು ರೂಢಿ. ಹರಿದರೂ ಹಸಿರಾಗಿರುವ ಎಲೆಗಳು ಗಿಡಕ್ಕೆ ಆಹಾರ ತಯಾರಿಸುತ್ತಲೇ ಇರುತ್ತವೆ. ಅವನ್ನು ದಯವಿಟ್ಟು ಕೀಳಬೇಡಿ.