ಸೂರಿನ ಆಸರೆಯಲ್ಲಿ ಉಳಿದ ಶಿಲ್ಪ

ಇಂಗ್ಲೆಂಡಿನ ಚರ್ಚುಗಳೆಂದರೆ ನಮಗೆ ಕೂಡಲೇ ನೆನಪಾಗುವುವು ವೆಸ್ಟ್‌ಮಿನ್‌ಸ್ಟರ್, ಕ್ಯಾಂಟರ್‌ಬರಿಗಳಂಥ ದೊಡ್ಡ ಹೆಸರುಗಳು. ಆದರೆ ಆ ನಾಡಿನ ಹಳೆಯ ಶಿಲ್ಪಕಲೆಯ ಒಂದು ಅಪೂರ್ವ ಮಾದರಿ ಇರುವುದು ಪುಟ್ಟ ಹಳ್ಳಿಯೊಂದರಲ್ಲಿ. ವೇಲ್ಸ್ ಗಡಿಗೆ ಸಮೀಪದ ಹೆರೆಫರ್ಡ್ ನಗರದಿಂದ ನೈಋತ್ಯಕ್ಕೆ ಸುಮಾರು 9 ಮೈಲಿ ದೂರದಲ್ಲಿರುವ ಕಿಲ್‌ಪೆಕ್ ಆ ಹಳ್ಳಿ. ಅಲ್ಲಿಯ ಚರ್ಚನ್ನು ಕಟ್ಟಿದ್ದು 1140ರ ಸುಮಾರಿಗೆ. ನಮ್ಮಲ್ಲಿ ಹೊಯ್ಸಳ ವಿಷ್ಣುವರ್ಧನನು ಆಳುತ್ತಿದ್ದ ಕಾಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಈ ಗಡಿನಾಡು ಅವರ ಸರದಾರರ ಪಾಲಾಯಿತು. ಕಿಲ್‌ಪೆಕ್ಕಿನಲ್ಲಿ ಅವರು ಮಣ್ಣಿನ ದಿಬ್ಬ ಎಬ್ಬಿಸಿ ಕೋಟೆ ಕಟ್ಟಿದರು. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರಿನ ಒಡೆಯನಾಗಿ ವಿಲಿಯಂ ಫಿಟ್ಸ್ ನಾರ್ಮನ್ ಎಂಬವನ ಹೆಸರಿದೆ. ಅವನ ಮಗ ಹ್ಯೂ 1134ರಲ್ಲಿ ಇಲ್ಲಿಯ ಚರ್ಚನ್ನು ಗ್ಲೌಸ್ಟರ್ ಮಠಕ್ಕೆ ದತ್ತಿ ಬಿಟ್ಟನು. ಈಗ ನಿಂತಿರುವ ಕಟ್ಟಡ ಹೆಚ್ಚುಕಡಮೆ ಅದೇ ಕಾಲದ್ದು.

ಕಟ್ಟಡದ ನಕ್ಷೆ ಬಹಳ ಸರಳ. ಪಶ್ಚಿಮದಿಂದ ಪೂರ್ವಕ್ಕೆ ಮೂರು ಭಾಗಗಳು ಸಾಲಾಗಿವೆ: ಜನರು ಸೇರುವ ಅಂಗಣ, ಪಾದ್ರಿಗಳ ಭಾಗ, ಕೊನೆಗೆ ಅರ್ಧವರ್ತುಲಾಕಾರದ ಪೂಜಾಸ್ಥಾನ. ಆ ಕಾಲದ ಕಮಾನುಗಳು ಪೂರಾ ದುಂಡಗಿನವು. ಅಂಥ ಕಮಾನು ಭಾರವನ್ನು ಕೆಳಕ್ಕೆ ಇಳಿಸುವುದಲ್ಲದೆ ಪಕ್ಕಕ್ಕೂ ಒತ್ತುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಾಗಿರಬೇಕು, ಕಿಟಕಿ ಚಿಕ್ಕದಾಗಿರಬೇಕು. ನಾರ್ಮನ್ ಚರ್ಚುಗಳ ಗಂಭೀರ ಮಬ್ಬುಬೆಳಕಿಗೆ ಇದೂ ಒಂದು ಕಾರಣ.

ಆದರೆ ಕಿಲ್‌ಪೆಕ್ಕಿಗೆ ಹೆಸರು ತಂದದ್ದು ಅಲ್ಲಿಯ ಕೆಂಪು ಮರಳುಗಲ್ಲಿನ ಕೆತ್ತನೆ. ದಕ್ಷಿಣದ ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ ಜೀವವೃಕ್ಷವಿದೆ. ಅಕ್ಕಪಕ್ಕದ ಕಂಬಗಳಲ್ಲಿ ಹೆಣೆದುಕೊಂಡ ಹಾವುಗಳು, ಬಳ್ಳಿಯಲ್ಲಿ ಸಿಕ್ಕಿಕೊಂಡ ಯೋಧರು. ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿದ ಆಸರೆಗಲ್ಲುಗಳಲ್ಲಿ ಇಂದಿಗೂ 85 ಉಳಿದಿವೆ. ಒಂದರಲ್ಲಿ ನಾಯಿಯೂ ಮೊಲವೂ ಗೆಳೆಯರಂತೆ ಪಕ್ಕಪಕ್ಕದಲ್ಲಿ ಕುಳಿತಿವೆ. ಇನ್ನೊಂದರಲ್ಲಿ ತಂತಿವಾದ್ಯ ನುಡಿಸುವವನಿದ್ದಾನೆ. ಮತ್ತೊಂದರಲ್ಲಿ ಕ್ರಿಸ್ತನ ಸಂಕೇತವಾದ ಕುರಿಮರಿ. ಮಡಿವಂತರು ಮುಖ ತಿರುಗಿಸುವಂಥ ಒಂದು ನಗ್ನ ಸ್ತ್ರೀಮೂರ್ತಿಯೂ ಇದೆ. ನಮ್ಮ ದೇವಾಲಯಗಳ ಹೊರಗೋಡೆಗಳನ್ನು ನೋಡಿ ಬಲ್ಲವರಿಗೆ ಇದು ಅಚ್ಚರಿಯಾಗದು.

ಇವನ್ನು ಕೆತ್ತಿದವರ ಹೆಸರು ಗೊತ್ತಿಲ್ಲ. ವಿದ್ವಾಂಸರು ಅವರನ್ನು ಹೆರೆಫರ್ಡ್‌ಷೈರ್ ಶಿಲ್ಪಿಗಳ ಪಂಥವೆಂದು ಕರೆಯುತ್ತಾರೆ. ಅದೇ ಜಿಲ್ಲೆಯ ಉತ್ತರ ಭಾಗದ ಷಾಬ್ಡನ್ ಹಳ್ಳಿಯಲ್ಲಿಯೂ ಈ ಪಂಥದವರು ಕೆಲಸ ಮಾಡಿದರು. ಅಲ್ಲಿಯ ಚರ್ಚನ್ನು ಕಟ್ಟಿಸಿದವನು ಆಲಿವರ್ ಡಿ ಮೆರ್ಲಿಮಂಡ್. ಅವನು ಸ್ಪೇನ್ ದೇಶದ ಸಾಂತಿಯಾಗೊ ಕ್ಷೇತ್ರಕ್ಕೆ ಯಾತ್ರೆ ಹೋಗಿ ಬಂದಿದ್ದನು. ದಾರಿಯುದ್ದಕ್ಕೂ ಕಂಡ ಶಿಲ್ಪಗಳ ಪ್ರಭಾವ ಈ ಗಡಿನಾಡಿಗೆ ಬಂದದ್ದು ಹೀಗೆಂದು ಹಲವರ ಅಭಿಪ್ರಾಯ.

ಒಂದೇ ಪಂಥದ ಶಿಲ್ಪವಾದರೂ ಎರಡೂ ಊರುಗಳ ಪಾಡು ಬೇರೆಬೇರೆಯಾಯಿತು. ಷಾಬ್ಡನ್ನಿಗೆ ಶ್ರೀಮಂತ ಒಡೆಯರು ದೊರೆತರು. 1750ರ ದಶಕದಲ್ಲಿ ಬೇಟ್‌ಮನ್ ಮನೆತನದವರು ಹಳೆಯ ಚರ್ಚನ್ನು ಕೆಡವಿಸಿ, ಆಗಿನ ಹೊಸ ರುಚಿಗೆ ತಕ್ಕ ಚರ್ಚೊಂದನ್ನು ಕಟ್ಟಿಸಿದರು. ಹಳೆಯ ಕಮಾನನ್ನೂ ಬಾಗಿಲುಗಳನ್ನೂ ಅವರು ಎಸೆಯಲಿಲ್ಲ. ಗುಡ್ಡದ ಮೇಲೆ, ಬಂಗಲೆಯವರ ಕಣ್ಣಿಗೆ ಅಂದವಾಗಿ ಕಾಣುವಂತೆ ಬಯಲಿನಲ್ಲಿ ನಿಲ್ಲಿಸಿದರು. ಅದು ಪ್ರೀತಿಯೇ ಇರಬಹುದು. ಆದರೆ ಮಳೆಗೆ, ಹಿಮಕ್ಕೆ ಅದು ತಿಳಿಯುವುದೇ? ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿದ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಇಂದು ಅಲ್ಲಿಯ ಮೂರ್ತಿಗಳ ಮುಖಗಳು ಬಹುಮಟ್ಟಿಗೆ ಅಳಿಸಿಹೋಗಿವೆ. ಅವು ಹೇಗಿದ್ದುವೆಂದು ತಿಳಿಯಲು ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಕಲಾವಿದ 1852ರಲ್ಲಿ ಪ್ರಕಟಿಸಿದ ಚಿತ್ರಗಳನ್ನು ನೋಡಬೇಕಾಗಿದೆ.

ಕಿಲ್‌ಪೆಕ್ಕಿನ ಕೋಟೆ ಪಾಳುಬಿತ್ತು, ಊರು ಕುಗ್ಗಿತು. ಚರ್ಚನ್ನು ಕೆಡವಿ ಹೊಸದನ್ನು ಕಟ್ಟುವ ಒಡೆಯರು ಅಲ್ಲಿ ಹುಟ್ಟಲಿಲ್ಲ. ಕಾಲಕಾಲಕ್ಕೆ ದುರಸ್ತಿ ನಡೆಯಿತು, ಅಷ್ಟೆ. ಕಟ್ಟಡ ತನ್ನ ಜಾಗದಲ್ಲಿ ಉಳಿಯಿತು. ಶಿಲ್ಪವನ್ನು ಉಳಿಸಲು ಅಭಿಮಾನ ಬೇಕು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಷಾಬ್ಡನ್ನಿನಲ್ಲಿ ಅಭಿಮಾನಕ್ಕೇನೂ ಕೊರತೆಯಿರಲಿಲ್ಲ; ಇಲ್ಲದೆ ಹೋದದ್ದು ಮಾಡು ಒಂದೇ. ಕಿಲ್‌ಪೆಕ್ಕಿನ ನಾಯಿ ಮತ್ತು ಮೊಲ ಮಾತ್ರ ಸುಮಾರು 880 ವರ್ಷಗಳಿಂದ ಅದೇ ಸೂರಿನ ಕೆಳಗೆ, ಒಂದನ್ನೊಂದು ಬಿಡದೆ ಕುಳಿತಿವೆ.